ಓಪನ್‌ಫೋಮ್: ಗಾಳಿಯಂತ್ರದ ರೆಕ್ಕೆ ಸ್ಟಾಲ್ ಆದಾಗ ಇದರ ಲೆಕ್ಕವನ್ನು ಎಷ್ಟು ನಂಬಬಹುದು?

ಓಪನ್‌ಫೋಮ್ ಎಂಬ, ಗಾಳಿ ನೀರುಗಳ ಹರಿವನ್ನು ಲೆಕ್ಕ ಹಾಕುವ ತಂತ್ರಾಂಶವನ್ನು ಬಳ್ಳಾರಿಯ ನಮ್ಮ ಕಾಲೇಜಿನ ಪ್ರಯೋಗಾಲಯದಲ್ಲಿ ಎರಡು ವರ್ಷಗಳಿಂದ ಒಂದೇ ಕೆಲಸಕ್ಕೆ ದುಡಿಸುತ್ತಿದ್ದೇನೆ. ಗಾಳಿಯಂತ್ರದ ರೆಕ್ಕೆಗೆ ಅಂಟಿಕೊಂಡು ಹರಿಯುತ್ತಿದ್ದ ಗಾಳಿ ಮೈಬಿಟ್ಟು ಕಳಚಿಕೊಳ್ಳುವ ಸ್ಥಿತಿಗೆ ಸ್ಟಾಲ್ ಎನ್ನುತ್ತಾರೆ. ಆ ಸ್ಥಿತಿಯನ್ನು ಕಂಪ್ಯೂಟರಿನಲ್ಲಿ ಲೆಕ್ಕ ಹಾಕುವುದೇ ಆ ಕೆಲಸ. ಈ ತಂತ್ರಾಂಶದಿಂದ ಇನ್ನೂ ನೂರು ಕೆಲಸಗಳಾಗುತ್ತವೆ; ಪಂಪಿನ ಒಳಹರಿವು, ಚಿಮಣಿಯ ಹೊಗೆ, ಕಾಲುವೆಯ ನೀರು ಎಲ್ಲಕ್ಕೂ ಇದರಲ್ಲಿ ಸಾಧನಗಳಿವೆ. ಅವುಗಳ ಬಗ್ಗೆ ಮಾತನಾಡುವಷ್ಟು ಅನುಭವ ನನಗಿಲ್ಲವಾದ್ದರಿಂದ ಈ ವಿಮರ್ಶೆಯನ್ನು ಸ್ಟಾಲ್ ಒಂದಕ್ಕೇ ಸೀಮಿತಗೊಳಿಸಿದ್ದೇನೆ.

ನಾನು ಹುಟ್ಟಿದ್ದು ಕೊಪ್ಪಳ ಜಿಲ್ಲೆಯ ಕುಕನೂರಿನ ಹತ್ತಿರದ ಹಳ್ಳಿಯಲ್ಲಿ. ಈಗ ಅಲ್ಲಿ ಯಾವ ಹೊಲದ ಬದುವಿನ ಮೇಲೆ ನಿಂತು ನೋಡಿದರೂ ಯಲಬುರ್ಗಾದ ಕಡೆಗೆ ಸಾಲುಸಾಲಾಗಿ ಗಾಳಿಯಂತ್ರಗಳು ಕಾಣುತ್ತವೆ. ಆಷಾಢದ ಗಾಳಿಗೆ ಅವು ತಿರುಗುವ ಸದ್ದು ರಾತ್ರಿ ಮನೆಯ ಅಂಗಳದವರೆಗೂ ಬರುತ್ತದೆ. ಊರಿನವರಿಗೆ ಅವು ಗಾಳಿ ಫ್ಯಾನು. ಆ ಫ್ಯಾನು ಗಾಳಿ ಜೋರಾದಷ್ಟೂ ಹೆಚ್ಚು ವಿದ್ಯುತ್ ಕೊಡುತ್ತದೆ ಎಂದೇ ಎಲ್ಲರೂ ತಿಳಿದಿರುತ್ತಾರೆ. ನಮ್ಮ ವಿದ್ಯಾರ್ಥಿಗಳಲ್ಲಿಯೂ ಮುಕ್ಕಾಲು ಪಾಲು ಮಂದಿ ಹಾಗೆಯೇ ತಿಳಿದು ಬರುತ್ತಾರೆ. ಒಂದು ಮಿತಿಯ ಆಚೆಗೆ ಗಾಳಿ ರೆಕ್ಕೆಯನ್ನು ಎತ್ತುವುದನ್ನು ಬಿಟ್ಟು ಬರಿದೇ ಅಲುಗಾಡಿಸತೊಡಗುತ್ತದೆ ಎಂಬುದನ್ನು ಅವರಿಗೆ ಕಣ್ಣಾರೆ ತೋರಿಸಬೇಕಾಗುತ್ತದೆ.

ಅದಕ್ಕಾಗಿ ನಾನು ಮೊದಲು ಕಂಪ್ಯೂಟರನ್ನು ತೆರೆಯುವುದಿಲ್ಲ. ನಮ್ಮಲ್ಲಿರುವ, ಗಾಳಿ ಬೀಸಿಸಿ ಪರೀಕ್ಷಿಸುವ ಸುರಂಗವಾದ ಚಿಕ್ಕ ವಿಂಡ್ ಟನಲ್‌ನಲ್ಲಿ 15 ಸೆಂಟಿಮೀಟರ್ ಅಗಲದ ಮರದ ರೆಕ್ಕೆಯೊಂದಿದೆ. ಕೌಲ್ ಬಜಾರಿನ ಹೊಲಿಗೆ ಅಂಗಡಿಯಿಂದ ತಂದ ತೆಳು ಹತ್ತಿ ದಾರವನ್ನು ಎರಡೆರಡು ಸೆಂಟಿಮೀಟರಿಗೆ ಕತ್ತರಿಸಿ, ಒಂದು ತುದಿಯನ್ನು ಟೇಪಿನಿಂದ ರೆಕ್ಕೆಯ ಬೆನ್ನಿಗೆ ಅಂಟಿಸಿ, ಇನ್ನೊಂದು ತುದಿಯನ್ನು ಸಡಿಲ ಬಿಟ್ಟಿದ್ದೇವೆ. ಗಾಳಿಗೆ ರೆಕ್ಕೆ ಓರೆಯಾಗಿರುವ ಕೋನ 4 ಡಿಗ್ರಿ ಇದ್ದಾಗ ಎಲ್ಲ ದಾರಗಳೂ ಬಾಚಿದ ಕೂದಲಿನಂತೆ ಹಿಂದಕ್ಕೆ ನೇರವಾಗಿ ಮಲಗಿರುತ್ತವೆ. ಕೋನವನ್ನು ಮೆಲ್ಲಗೆ ಹೆಚ್ಚಿಸುತ್ತ ಹೋದರೆ ಮೊದಲು ಹಿಂದಂಚಿನ ಸಾಲು ನಡುಗುತ್ತದೆ, ಆಮೇಲೆ ಅದರ ಮುಂದಿನ ಸಾಲು. ಇನ್ನೂ ಒಂದೆರಡು ಡಿಗ್ರಿ ಮೇಲೇರಿಸಿದಾಗ ಕೆಲವು ದಾರಗಳು ಎದ್ದು ನಿಂತು, ತಿರುಗಿ, ಗಾಳಿ ಬರುತ್ತಿರುವ ದಿಕ್ಕಿಗೇ ಮುಖ ಮಾಡುತ್ತವೆ. ರೆಕ್ಕೆಯ ಬೆನ್ನಿನ ಮೇಲೆ ಗಾಳಿ ಹಿಮ್ಮುಖವಾಗಿ ಹರಿಯುತ್ತಿದೆ ಎಂಬುದಕ್ಕೆ ಅದಕ್ಕಿಂತ ದೊಡ್ಡ ಸಾಕ್ಷಿ ಬೇಕಿಲ್ಲ. ರೆಕ್ಕೆಯ ಅಗಲ, ಗಾಳಿಯ ವೇಗಗಳಿಂದ ಬರುವ, ಹರಿವಿನ ಸ್ವಭಾವವನ್ನು ಹೇಳುವ ರೆನಾಲ್ಡ್ಸ್ ಸಂಖ್ಯೆ ಈ ರೆಕ್ಕೆಯದ್ದು ಎರಡು ಲಕ್ಷದ ಆಸುಪಾಸಿನದು, ಕುಕನೂರಿನ ದೊಡ್ಡ ರೆಕ್ಕೆಗಳದ್ದು ಹತ್ತಾರು ಲಕ್ಷ. ಹಾಗಾಗಿ ನಮ್ಮ ಟನಲ್ ಕಣ್ಣಿಗೆ ತೋರಿಸುವುದಕ್ಕೆ ಸರಿ, ಅಂಕಿ ತೆಗೆಯುವುದಕ್ಕಲ್ಲ. ಅಂಕಿ ಬೇಕಾದಾಗ ಓಪನ್‌ಫೋಮ್‌ನ ಬಾಗಿಲು ತಟ್ಟಬೇಕಾಗುತ್ತದೆ.

ಈ ತಂತ್ರಾಂಶದ ಬೇರು 1980ರ ದಶಕದ ಕೊನೆಯಲ್ಲಿ ಲಂಡನ್ನಿನ ಇಂಪೀರಿಯಲ್ ಕಾಲೇಜಿನಲ್ಲಿದೆ. 2004ರ ಡಿಸೆಂಬರಿನಲ್ಲಿ ಯಾರು ಬೇಕಾದರೂ ಬಳಸಿ, ತಿದ್ದಿ, ಹಂಚಬಹುದಾದ ಜಿಪಿಎಲ್ ಪರವಾನಗಿಯಡಿ ಇದರ ಮೂಲ ಸಂಕೇತವೆಲ್ಲ ಸಾರ್ವಜನಿಕವಾಯಿತು. ಉಬುಂಟು ಎಂಬ ಕಾರ್ಯಾಚರಣ ವ್ಯವಸ್ಥೆ ಹಾಕಿದ ಯಾವ ಯಂತ್ರದಲ್ಲಾದರೂ ಅರ್ಧ ಗಂಟೆಯಲ್ಲಿ ಸ್ಥಾಪಿಸಬಹುದು. ಇದೇ ಕೆಲಸ ಮಾಡುವ ವಾಣಿಜ್ಯ ತಂತ್ರಾಂಶಗಳ ಪರವಾನಗಿಗೆ ಲಕ್ಷಾಂತರ ರೂಪಾಯಿ ಬೇಕು. ಬಳ್ಳಾರಿ, ರಾಯಚೂರು, ಕೊಪ್ಪಳದ ಕಾಲೇಜುಗಳಿಗೆ ಅದು ದೂರದ ಮಾತು. ಆದ್ದರಿಂದ ಬೆಲೆಯ ವಿಷಯದಲ್ಲಿ ಓಪನ್‌ಫೋಮ್‌ಗೆ ಎದುರಿಲ್ಲ, ಆ ಚರ್ಚೆಯನ್ನು ಇಲ್ಲಿಗೇ ಬಿಡುತ್ತೇನೆ.

ಒಂದು ತಂತ್ರಾಂಶ ಸ್ಟಾಲನ್ನು ಸರಿಯಾಗಿ ಲೆಕ್ಕ ಹಾಕುತ್ತದೆಯೋ ಇಲ್ಲವೋ ಎಂದು ಪರೀಕ್ಷಿಸಲು ಅಳತೆ ಮಾಡಿದ ಅಂಕಿಅಂಶ ಬೇಕು. ಅದೃಷ್ಟವಶಾತ್ ಈ ವಿಷಯದಲ್ಲಿ ಜಗತ್ತಿನ ಎಲ್ಲರೂ ಬಳಸುವ ಒರೆಗಲ್ಲೊಂದಿದೆ. ಅಮೆರಿಕದ ರಾಷ್ಟ್ರೀಯ ನವೀಕರಿಸಬಹುದಾದ ಇಂಧನ ಪ್ರಯೋಗಾಲಯ, ಅಂದರೆ ಎನ್‌ಆರ್‌ಇಎಲ್, 2000ದಲ್ಲಿ ಸುಮಾರು 10 ಮೀಟರ್ ವ್ಯಾಸದ ಎರಡು ರೆಕ್ಕೆಗಳ ಗಾಳಿಯಂತ್ರವೊಂದನ್ನು ನಾಸಾ ಏಮ್ಸ್ ಕೇಂದ್ರದ ವಿಂಡ್ ಟನಲ್‌ನೊಳಗೆ ನಿಲ್ಲಿಸಿತು. ಆ ಟನಲ್‌ನ ಪರೀಕ್ಷಾ ಕೋಣೆ 24.4 ಮೀಟರ್ ಎತ್ತರ, 36.6 ಮೀಟರ್ ಅಗಲ. ನಿಮಿಷಕ್ಕೆ ಸುಮಾರು 72 ಸುತ್ತು ತಿರುಗುವ ಆ ಯಂತ್ರದ ರೆಕ್ಕೆಯುದ್ದಕ್ಕೂ ಎಸ್809 ಎಂಬ, ಅಗಲದ ಶೇ 21ರಷ್ಟು ದಪ್ಪವಿರುವ ಏರೋಫಾಯಿಲ್, ಅಂದರೆ ರೆಕ್ಕೆಯ ಅಡ್ಡಕೊಯ್ತದ ಆಕಾರ, ಇತ್ತು. ಒತ್ತಡ ಅಳೆಯಲು ರೆಕ್ಕೆಯ ಮೈಮೇಲೆ ಸೂಕ್ಷ್ಮ ರಂಧ್ರಗಳನ್ನು ಕೊರೆದಿದ್ದರು. ಅಳತೆಯ ಫಲಿತಾಂಶವನ್ನು ಮುಚ್ಚಿಟ್ಟು, ಬೇರೆ ಬೇರೆ ದೇಶಗಳ ತಜ್ಞರಿಗೆ ಮೊದಲು ನೀವು ಲೆಕ್ಕ ಹಾಕಿ ಕೊಡಿ ಎಂದು ಕೇಳಿದರು. ಗಾಳಿ ಜೋರಾಗಿ ರೆಕ್ಕೆ ಸ್ಟಾಲ್ ಆದ ಸ್ಥಿತಿಯಲ್ಲಿ ತಜ್ಞರು ಕೊಟ್ಟ ವಿದ್ಯುತ್ ಅಂದಾಜುಗಳು ಅಳತೆಯ ಶೇ 30ರಿಂದ ಶೇ 275ರವರೆಗೆ ಚೆಲ್ಲಾಪಿಲ್ಲಿಯಾಗಿದ್ದವು. ಜಗತ್ತಿನ ಅನುಭವಿಗಳ ಸ್ಥಿತಿಯೇ ಹೀಗಿತ್ತು ಎಂಬುದನ್ನು ನನ್ನ ವಿದ್ಯಾರ್ಥಿಗಳಿಗೆ ಮೊದಲ ದಿನವೇ ಹೇಳುತ್ತೇನೆ. ಹೆದರಿಸಲು ಹೇಳುವುದಲ್ಲ, ತಮ್ಮ ಮೊದಲ ಲೆಕ್ಕ ತಪ್ಪಿದಾಗ ಅವರು ಅದನ್ನು ಬಚ್ಚಿಡಬಾರದು ಎಂದು ಹೇಳುತ್ತೇನೆ.

ನಾವು ಇದೇ ಎಸ್809 ಏರೋಫಾಯಿಲನ್ನು ಹಿಡಿದುಕೊಂಡೆವು. ಓಪನ್‌ಫೋಮ್‌ನ ಜೊತೆಗೇ ಬರುವ ಪಾಠದ ಕಡತಗಳಲ್ಲಿ ಏರ್‌ಫಾಯಿಲ್2ಡಿ ಎಂಬುದೊಂದಿದೆ. ಗಾಳಿ 8 ಡಿಗ್ರಿ ಕೋನದಲ್ಲಿ ಬಂದು ತಾಗುವಂತೆ ಅದರಲ್ಲಿ ಮೊದಲೇ ಸಿದ್ಧಪಡಿಸಿಟ್ಟಿದ್ದಾರೆ. ಹೊಸಬರೆಲ್ಲರೂ ಅದನ್ನು ನಕಲು ಮಾಡಿಕೊಂಡು, ಒಳಗಿನ ಆಕಾರವನ್ನು ಬದಲಿಸಿ, ಲೆಕ್ಕ ಓಡಿಸುತ್ತಾರೆ. ನಮ್ಮವರೂ ಹಾಗೆಯೇ ಮಾಡಿದರು. ಕೋನ ಕಡಿಮೆ ಇರುವವರೆಗೆ, ಅಂದರೆ ಗಾಳಿ ರೆಕ್ಕೆಗೆ ಅಂಟಿಕೊಂಡಿರುವವರೆಗೆ, ಬಂದ ಲಿಫ್ಟ್, ಅಂದರೆ ರೆಕ್ಕೆಯನ್ನು ಎತ್ತುವ ಬಲ, ಅಳತೆಯ ಗೆರೆಯ ಮೇಲೆಯೇ ಕುಳಿತಿತ್ತು, ಎಲ್ಲರೂ ಹಿಗ್ಗಿದರು. 8 ಡಿಗ್ರಿ ದಾಟಿದ ಮೇಲೆ ಅಳತೆಯ ಗೆರೆ ಬಾಗತೊಡಗುತ್ತದೆ. ವಿಂಡ್ ಟನಲ್‌ಗಳಲ್ಲಿ ಎಸ್809ರ ಲಿಫ್ಟ್ ಗುಣಾಂಕ (ಗಾತ್ರ, ವೇಗಗಳ ಹಂಗಿಲ್ಲದೆ ಲಿಫ್ಟನ್ನು ಹೇಳುವ ಅಂಕಿ) 1ರ ಆಸುಪಾಸಿನಲ್ಲಿ ಮಟ್ಟಸವಾಗಿ, 20 ಡಿಗ್ರಿಯ ಸುಮಾರಿಗೆ ಕುಸಿಯುತ್ತದೆ. ನಮ್ಮ ಲೆಕ್ಕದ ಗೆರೆ ಬಾಗುವ ಮಾತೇ ಇಲ್ಲದೆ ಮೇಲಕ್ಕೇರುತ್ತಲೇ ಇತ್ತು. ಫಲಿತಾಂಶವನ್ನು ಚಿತ್ರವಾಗಿ ತೋರಿಸುವ ಪ್ಯಾರಾವ್ಯೂನಲ್ಲಿ ತೆರೆದು ನೋಡಿದರೆ ಚಿತ್ರ ಮಾತ್ರ ಬಲು ಚೆಂದ. ಕೆಂಪು, ಹಳದಿ, ನೀಲಿ ಬಣ್ಣಗಳು ರೆಕ್ಕೆಯನ್ನು ಸುತ್ತಿಕೊಂಡು ಹರಿಯುತ್ತಿದ್ದವು. ಆ ಚಿತ್ರವನ್ನು ಪ್ರಾಜೆಕ್ಟ್ ವರದಿಯ ಮುಖಪುಟಕ್ಕೆ ಹಾಕಿದ್ದರೆ ಯಾವ ಪರೀಕ್ಷಕರೂ ಪ್ರಶ್ನಿಸುತ್ತಿರಲಿಲ್ಲ.

ಓಪನ್‌ಫೋಮ್‌ನ ಬಗ್ಗೆ ನನ್ನ ಮೊದಲ ಮತ್ತು ಮುಖ್ಯ ದೂರು ಇದೇ. ಲೆಕ್ಕ ಸ್ಥಿರಗೊಂಡಿತು ಎಂದು ಅದು ಹೇಳುತ್ತದೆ, ಶೇಷಾಂಕಗಳು, ಅಂದರೆ ಸಮೀಕರಣಗಳಲ್ಲಿ ಇನ್ನೂ ಉಳಿದ ತಪ್ಪಿನ ಅಳತೆಗಳು, ಇಳಿಯುವುದನ್ನು ಸಾಲುಸಾಲಾಗಿ ತೋರಿಸುತ್ತದೆ, ಆದರೆ ಈ ಕೋನದಲ್ಲಿ ಈ ಮಾದರಿಯನ್ನು ನಂಬಬೇಡಿ ಎಂದು ಎಲ್ಲಿಯೂ ಎಚ್ಚರಿಸುವುದಿಲ್ಲ. ಆ ಎಚ್ಚರ ಬಳಸುವವರ ತಲೆಯಲ್ಲಿರಬೇಕು.

ತಪ್ಪಿನ ಮೂಲ ಹುಡುಕುತ್ತ ಹೋದಾಗ ಮೊದಲು ಸಿಕ್ಕಿದ್ದು ಮೆಶ್, ಅಂದರೆ ಲೆಕ್ಕಕ್ಕಾಗಿ ರೆಕ್ಕೆಯ ಸುತ್ತಲಿನ ಜಾಗವನ್ನು ಸಣ್ಣ ಸಣ್ಣ ಕೋಶಗಳಾಗಿ ಕತ್ತರಿಸಿದ ಜಾಲ. ಪಾಠದ ಕಡತದ ಮೆಶ್ ಒರಟು. ರೆಕ್ಕೆಯ ಮೈಗೆ ಹತ್ತಿ ನಿಧಾನವಾಗಿ ಹರಿಯುವ ಗಾಳಿಯ ತೆಳು ಪದರವಾದ ಗಡಿಪದರವನ್ನು ಅದು ಬಿಡಿಸಿ ನೋಡದೆ, ವಾಲ್ ಫಂಕ್ಷನ್ ಎಂಬ ಸೂತ್ರದಿಂದ ಅಂದಾಜು ಮಾಡಿ ಮುಂದೆ ಸಾಗುತ್ತದೆ. ಆ ಸೂತ್ರ ಮಾಡಿದ್ದು ಅಂಟಿಕೊಂಡು ಹರಿಯುವ ಗಾಳಿಗಾಗಿ. ಗಾಳಿ ಎಲ್ಲಿ ಮೈಬಿಡುತ್ತದೆ ಎಂದು ಕೇಳುವಾಗ ಅದನ್ನೇ ಊರುಗೋಲು ಮಾಡಿಕೊಂಡರೆ ಉತ್ತರ ತಪ್ಪುವುದು ಖಚಿತ. ಮೊದಲ ಕೋಶ ಮೈಗೆ ಎಷ್ಟು ಹತ್ತಿರವಿದೆ ಎಂದು ಹೇಳುವ ವೈ-ಪ್ಲಸ್ ಎಂಬ ಅಳತೆ 1ರ ಆಸುಪಾಸಿಗೆ ಬರಬೇಕಾದರೆ, 1 ಮೀಟರ್ ಅಗಲದ ರೆಕ್ಕೆಯ ಮೇಲೆ ಸೆಕೆಂಡಿಗೆ 15 ಮೀಟರ್ ವೇಗದ ಗಾಳಿ ಹರಿಯುವಾಗ ಮೈಗೆ ತಾಗಿದ ಮೊದಲ ಕೋಶದ ಎತ್ತರ ಸುಮಾರು 0.02 ಮಿಲಿಮೀಟರ್ ಇರಬೇಕಾಗುತ್ತದೆ, ತಲೆಗೂದಲಿಗಿಂತ ತೆಳು. ಅದರ ಮೇಲಿನ ಕೋಶ ಅದಕ್ಕಿಂತ ಒಂದೂವರೆ ಪಟ್ಟು ಎತ್ತರವಾದರೂ ಕೆಲಸ ಕೆಡುತ್ತದೆ. ಹತ್ತಕ್ಕೆ ಹನ್ನೆರಡರಂತೆ, ಸಾಧ್ಯವಾದರೆ ಇನ್ನೂ ಕಡಿಮೆ ಏರಿಕೆಯಲ್ಲಿ ಪದರದ ಮೇಲೆ ಪದರ ಕಟ್ಟುತ್ತ ಹೋಗಬೇಕು. ಇದಕ್ಕಾಗಿ ಓಪನ್‌ಫೋಮ್ ಕೊಡುವ ಸ್ನ್ಯಾಪಿಹೆಕ್ಸ್‌ಮೆಶ್ ನನಗೆ ತೃಪ್ತಿ ಕೊಟ್ಟಿಲ್ಲ. ಹಿಂದಂಚಿನ ಚೂಪು ತುದಿಗೆ ಬಂದಾಗ ಅದು ಪದರಗಳನ್ನು ಅರ್ಧಕ್ಕೇ ನಿಲ್ಲಿಸಿಬಿಡುತ್ತದೆ, ಸ್ಟಾಲ್ ಹುಟ್ಟುವುದು ಅಲ್ಲಿಂದಲೇ. ಕೊನೆಗೆ ನಾವು ಬ್ಲಾಕ್‌ಮೆಶ್‌ನಲ್ಲಿ ಸಿ ಆಕಾರದ ಮೆಶ್ಶನ್ನು ಕೈಯಾರೆ ಕಟ್ಟಿದೆವು. ಅದಕ್ಕೆ ಮೂರು ವಾರ ಹಿಡಿಯಿತು. ಆ ಮೂರು ವಾರ ವ್ಯರ್ಥವಾಯಿತೆಂದು ಯಾವ ವಿದ್ಯಾರ್ಥಿಯೂ ಆಮೇಲೆ ಹೇಳಲಿಲ್ಲ.

ಮೆಶ್ ಸರಿಹೋದ ಮೇಲೆ ಲಿಫ್ಟಿನ ಗೆರೆ ಸ್ವಲ್ಪ ಬಾಗಿತು, ಸಾಕಾಗುವಷ್ಟಲ್ಲ. ಮುಂದಿನದು ಟರ್ಬುಲೆನ್ಸ್ ಮಾದರಿಯ, ಅಂದರೆ ಗಾಳಿಯ ಪ್ರಕ್ಷುಬ್ಧತೆಯನ್ನು ಅಂದಾಜಿಸುವ ಸೂತ್ರಗಳ, ಪ್ರಶ್ನೆ. ನಾವು ಬಳಸುತ್ತಿದ್ದುದು ಫ್ಲೋರಿಯನ್ ಮೆಂಟರ್ 1990ರ ದಶಕದ ಆರಂಭದಲ್ಲಿ ರೂಪಿಸಿದ ಕೆ-ಒಮೆಗಾ ಎಸ್‌ಎಸ್‌ಟಿ. ಕಳಚಿಕೊಳ್ಳುವ ಹರಿವಿಗೆ ಇಂದಿಗೂ ಹೆಚ್ಚಿನವರು ಮೊದಲು ಕೈಹಾಕುವ ಮಾದರಿ. ಈ ಮಾದರಿ ರೆಕ್ಕೆಯ ಮೂಗಿನಿಂದಲೇ ಗಾಳಿ ಪ್ರಕ್ಷುಬ್ಧವಾಗಿದೆ ಎಂದು ಎಣಿಸುತ್ತದೆ. ನಿಜದಲ್ಲಿ ಎಸ್809ರ ಮೇಲೆ ಕಡಿಮೆ ಕೋನದಲ್ಲಿ ಅರ್ಧ ದಾರಿಯವರೆಗೂ ಗಾಳಿ ಪದರ ಪದರವಾಗಿ ನುಣುಪಾಗಿ ಹರಿದು, ನಡುವೆ ಸಣ್ಣದೊಂದು ಗುಳ್ಳೆಯಂತೆ ಮೈಬಿಟ್ಟು, ಪ್ರಕ್ಷುಬ್ಧವಾಗಿ ಮತ್ತೆ ಅಂಟಿಕೊಳ್ಳುತ್ತದೆ. ಪ್ರಕ್ಷುಬ್ಧ ಗಡಿಪದರಕ್ಕೆ ಮೇಲಿನ ವೇಗದ ಗಾಳಿಯಿಂದ ಕಸುವು ಸಿಗುತ್ತಿರುವುದರಿಂದ ಅದು ಏರುವ ಒತ್ತಡವನ್ನು ಹೆಚ್ಚು ದೂರ ತಡೆದುಕೊಳ್ಳುತ್ತದೆ. ಮಾದರಿ ಆ ಕಸುವನ್ನು ಅಗತ್ಯಕ್ಕಿಂತ ಹೆಚ್ಚಾಗಿ ತುಂಬಿದರೆ ಲೆಕ್ಕದಲ್ಲಿ ಸ್ಟಾಲ್ ತಡವಾಗಿ ಬರುತ್ತದೆ. ಇದನ್ನು ತಿದ್ದಲು ಲ್ಯಾಂಗ್ಟ್ರಿ ಮತ್ತು ಮೆಂಟರ್ ಅವರ, ನುಣುಪು ಹರಿವು ಪ್ರಕ್ಷುಬ್ಧವಾಗುವುದನ್ನು ಹಿಡಿಯುವ ಪರಿವರ್ತನೆಯ ಮಾದರಿ ಓಪನ್‌ಫೋಮ್‌ನಲ್ಲಿಯೇ ಇದೆ, ಹೆಸರು ಕೆ-ಒಮೆಗಾ-ಎಸ್‌ಎಸ್‌ಟಿ-ಎಲ್‌ಎಂ. ಇದನ್ನು ರೆಕ್ಕೆಗೆ ಹಾಕುವ ಮೊದಲು ಟಿ3ಎ ಎಂಬ ಚಪ್ಪಟೆ ಹಲಗೆಯ ಪಾಠದ ಮೇಲೆ ಓಡಿಸಿ ನೋಡಿ ಎಂದು ನಾನು ಒತ್ತಾಯಿಸುತ್ತೇನೆ. ಒಳಬರುವ ಗಾಳಿಯಲ್ಲಿ ಎಷ್ಟು ಪ್ರಕ್ಷುಬ್ಧತೆ ಇದೆ ಎಂದು ನಾವು ಬರೆಯುವ ಒಂದು ಅಂಕಿಗೆ ಈ ಮಾದರಿ ಎಷ್ಟು ಸೂಕ್ಷ್ಮವಾಗಿ ಸ್ಪಂದಿಸುತ್ತದೆ ಎಂಬುದು ಅಲ್ಲಿ ಸ್ಪಷ್ಟವಾಗುತ್ತದೆ.

ಇನ್ನೊಂದು ದಾರಿಯೂ ಇದೆ, ಅದರ ಮೇಲೆ ನಮ್ಮ ಪ್ರಯೋಗಾಲಯದಲ್ಲಿ ದೊಡ್ಡ ಚರ್ಚೆಯೇ ನಡೆಯಿತು. ಎಸ್‌ಎಸ್‌ಟಿ ಮಾದರಿಯೊಳಗೆ ಎ1 ಎಂಬ ಸ್ಥಿರಾಂಕವಿದೆ, ಬೆಲೆ 0.31. ಗಡಿಪದರದೊಳಗಿನ ಉಜ್ಜುಬಲವು ಪ್ರಕ್ಷುಬ್ಧತೆಯ ಚಲನಶಕ್ತಿಗೆ ಈ ಪ್ರಮಾಣವನ್ನು ಮೀರಬಾರದು ಎಂದು ಅದು ಲಗಾಮು ಹಾಕುತ್ತದೆ. ಲಗಾಮು ಬಿಗಿ ಮಾಡಿದರೆ, ಅಂದರೆ ಅಂಕಿಯನ್ನು ತಗ್ಗಿಸಿದರೆ, ಹರಿವು ಬೇಗ ಕಳಚಿಕೊಳ್ಳುತ್ತದೆ. ಓಪನ್‌ಫೋಮ್‌ನಲ್ಲಿ ಇದನ್ನು ಬದಲಿಸಲು ಮೂಲ ಸಂಕೇತವನ್ನು ಮುಟ್ಟಬೇಕಾಗಿಲ್ಲ, ಕಡತದಲ್ಲಿ ಒಂದು ಸಾಲು ಬರೆದರೆ ಸಾಕು. ನಮ್ಮ ವಿದ್ಯಾರ್ಥಿನಿಯೊಬ್ಬಳು 0.28 ಎಂದು ಬರೆದು ಓಡಿಸಿದಳು. 14 ಡಿಗ್ರಿಯ ಲಿಫ್ಟ್ ಅಳತೆಯ ಹತ್ತಿರಕ್ಕೆ ಬಂದುಬಿಟ್ಟಿತು. ‘ಸರ್, ಸರಿಯಾಯ್ತು’ ಎಂದು ಓಡಿ ಬಂದಳು. ಅದೇ ಅಂಕಿಯನ್ನಿಟ್ಟುಕೊಂಡು ಇನ್ನೊಂದು ಏರೋಫಾಯಿಲಿನ ಲೆಕ್ಕ ಮಾಡಿಸಿದೆ. ಅಲ್ಲಿ ಸ್ಟಾಲ್ ಬರಬೇಕಾದುದಕ್ಕಿಂತ ಮೊದಲೇ ಬಂತು. ಸಂಶೋಧಕರಲ್ಲಿ ಹಲವರು ಸ್ಥಿರಾಂಕಗಳನ್ನು ಹೀಗೆ ಗಾಳಿಯಂತ್ರದ ಏರೋಫಾಯಿಲುಗಳಿಗೆ ಹೊಂದಿಸಿ ಪ್ರಕಟಿಸಿದ್ದಾರೆ, ಆ ಶ್ರಮಕ್ಕೆ ನನ್ನ ಗೌರವವಿದೆ. ಆದರೂ ಉತ್ತರ ಮೊದಲೇ ಗೊತ್ತಿದ್ದು, ಅದು ಬರುವವರೆಗೆ ಅಂಕಿಯನ್ನು ತಿರುಚುತ್ತ ಹೋಗುವುದನ್ನು ನಾನು ಸುಧಾರಣೆ ಎನ್ನಲಾರೆ. ಒಂದು ಏರೋಫಾಯಿಲಿಗೆ ಹೊಂದಿಸಿದ ಅಂಕಿ ಮತ್ತೊಂದರ ಮೇಲೆಯೂ ನಿಂತಾಗ ಮಾತ್ರ ಅದನ್ನು ಒಪ್ಪಿಕೊಳ್ಳಬೇಕು.

ಹಾಗಿದ್ದರೂ ಓಪನ್‌ಫೋಮ್ ನನಗೆ ಪ್ರಿಯವಾಗುವುದು ಇದೇ ಕಾರಣಕ್ಕೆ. ಆ 0.31 ಎಲ್ಲಿ ಕೂತಿದೆ, ಯಾವ ಸಮೀಕರಣದೊಳಗೆ ಹೇಗೆ ಕೆಲಸ ಮಾಡುತ್ತದೆ ಎಂದು ಕಡತ ತೆರೆದು ಬೆರಳಿಟ್ಟು ತೋರಿಸಬಹುದು. ಲೆಕ್ಕ ಓಡುವಾಗ ಯಾವ ಸ್ಥಿರಾಂಕಗಳನ್ನು ಬಳಸಿದೆ ಎಂದು ಅದೇ ಬರೆದಿಡುತ್ತದೆ. ಬೋಧಿಸುವವನಿಗೆ ಇದಕ್ಕಿಂತ ದೊಡ್ಡ ಉಪಕಾರವಿಲ್ಲ.

ಮೂರನೆಯ ತೊಡಕು ಕಾಲದ್ದು. ಸ್ಟಾಲ್ ಆದ ಹರಿವು ಸುಮ್ಮನೆ ನಿಲ್ಲುವುದಿಲ್ಲ. ಸುಳಿಗಳು ಹುಟ್ಟಿ, ಕಳಚಿ, ಹಿಂದೆ ಸಾಗುತ್ತವೆ. ಸಿಂಪಲ್‌ಫೋಮ್ ಎಂಬ ಸ್ಥಿರ ಹರಿವಿನ ಸಾಧನ ಆ ಚಂಚಲತೆಯನ್ನೆಲ್ಲ ಒಂದು ಸರಾಸರಿಗೆ ತರಲು ಒದ್ದಾಡುತ್ತದೆ, ಲಿಫ್ಟಿನ ಅಂಕಿ ಕೊನೆಯವರೆಗೂ ಮೇಲೆ ಕೆಳಗೆ ಓಲಾಡುತ್ತಲೇ ಇರುತ್ತದೆ. ಓಲಾಟ ಕಂಡ ತಕ್ಷಣ ಪಿಂಪಲ್‌ಫೋಮ್‌ಗೆ ಹೋಗಿ ಕಾಲದೊಂದಿಗೆ ಬದಲಾಗುವ ಲೆಕ್ಕ ಮಾಡಬೇಕು. ಆಳವಾದ ಸ್ಟಾಲ್‌ನಲ್ಲಿ ಅದೂ ಸಾಲದು, ಏಕೆಂದರೆ ಅಲ್ಲಿನ ಹರಿವು ಎರಡು ಆಯಾಮದಲ್ಲಿ ಹಿಡಿಯುವಂಥದ್ದಲ್ಲ. ಉದ್ದಕ್ಕೂ ಒಂದೇ ಆಕಾರದ ರೆಕ್ಕೆಯ ಮೇಲೆಯೂ ಸ್ಟಾಲ್ ಎಲ್ಲೆಡೆ ಒಂದೇ ಸಮನಾಗಿ ಬರದೆ ಅಣಬೆಯ ಆಕಾರದ ತುಂಡುಗಳಾಗಿ ಒಡೆಯುತ್ತದೆ. ಸ್ಪಲಾರ್ಟ್ ಮತ್ತು ಸಂಗಡಿಗರು 1997ರಲ್ಲಿ ಮುಂದಿಟ್ಟ ಡಿಇಎಸ್ ಎಂಬ ವಿಧಾನ ಮತ್ತು ಅದರ ತಿದ್ದಿದ ರೂಪವಾದ ಡಿಡಿಇಎಸ್, ಮೈಗೆ ಹತ್ತಿದ ಪದರವನ್ನು ಮಾದರಿಗೆ ಬಿಟ್ಟು, ದೂರದ ದೊಡ್ಡ ಸುಳಿಗಳನ್ನು ನೇರವಾಗಿ ಲೆಕ್ಕ ಹಾಕುತ್ತವೆ. ಎರಡೂ ಓಪನ್‌ಫೋಮ್‌ನಲ್ಲಿವೆ. 18 ಡಿಗ್ರಿಯಲ್ಲಿ ನಾವು ಮಾಡಿದ ಡಿಡಿಇಎಸ್ ಲೆಕ್ಕ ನಮಗೆ ಸಿಕ್ಕ ಎಲ್ಲ ಉತ್ತರಗಳಲ್ಲಿ ಅಳತೆಗೆ ಅತ್ಯಂತ ಹತ್ತಿರವಾದದ್ದು. ಅದರ ಬೆಲೆ ಸಮಯ. ಹತ್ತು ಲಕ್ಷ ಕೋಶಗಳಿಗೆ ಸರಿಸುಮಾರು 1ರಿಂದ 2 ಜಿಬಿ ನೆನಪುಕೋಶ ಬೇಕೆಂದು ಇಟ್ಟುಕೊಂಡರೆ ನಮ್ಮ ಯಂತ್ರಕ್ಕೆ ಅದು ಭಾರವಲ್ಲ, ಆದರೆ ಕಾಲದ ಹೆಜ್ಜೆ ಎಷ್ಟು ಚಿಕ್ಕದೆಂದರೆ ಒಂದು ಕೋನದ ಲೆಕ್ಕ ಹತ್ತು ದಿನ ನಡೆಯಿತು.

ಏಪ್ರಿಲ್ ತಿಂಗಳ ಬಳ್ಳಾರಿಯಲ್ಲಿ ಹತ್ತು ದಿನ ಒಂದು ಯಂತ್ರವನ್ನು ನಿಲ್ಲದೆ ಓಡಿಸುವುದು ಎಂದರೇನೆಂದು ಇಲ್ಲಿಯವರಿಗೆ ಬಿಡಿಸಿ ಹೇಳಬೇಕಾಗಿಲ್ಲ. ಏಳನೆಯ ರಾತ್ರಿ ಕರೆಂಟ್ ಹೋಯಿತು, ಯುಪಿಎಸ್ ನಲವತ್ತು ನಿಮಿಷಕ್ಕೆ ಕೈಚೆಲ್ಲಿತು. ಬೆಳಗ್ಗೆ ಬಂದು ನೋಡಿದಾಗ ಪರದೆ ಕಪ್ಪಾಗಿತ್ತು. ಪುಣ್ಯಕ್ಕೆ ಕಂಟ್ರೋಲ್‌ಡಿಕ್ಟ್ ಕಡತದಲ್ಲಿ ಫಲಿತಾಂಶವನ್ನು ಮೇಲಿಂದ ಮೇಲೆ ಬರೆದಿಡುವಂತೆ ಹೇಳಿದ್ದೆವು. ಸ್ಟಾರ್ಟ್‌ಫ್ರಮ್ ಎಂಬಲ್ಲಿ ಲೇಟೆಸ್ಟ್‌ಟೈಮ್ ಎಂದು ಹಾಕಿ ಮತ್ತೆ ಓಡಿಸಿದಾಗ ನಿಂತಲ್ಲಿಂದಲೇ ಲೆಕ್ಕ ಮುಂದುವರಿಯಿತು, ಹೋದದ್ದು ಎರಡು ಗಂಟೆಯ ಕೆಲಸ ಮಾತ್ರ. ನಮ್ಮ ಕಡೆಯವರು ಈ ತಂತ್ರಾಂಶವನ್ನು ಹಿಡಿಯುವ ಮೊದಲ ದಿನವೇ ಆ ಎರಡು ಸಾಲುಗಳನ್ನು ಕಲಿತುಕೊಳ್ಳಬೇಕು.

ತಿರುಗುವ ರೆಕ್ಕೆಯ ಕಥೆ ಇನ್ನೂ ಬೇರೆ. ಹಿಮ್ಮೆಲ್ಸ್‌ಕಾಂಪ್ ಎಂಬ ಜರ್ಮನ್ ಸಂಶೋಧಕ 1940ರ ದಶಕದಲ್ಲಿಯೇ ಪ್ರೊಪೆಲ್ಲರಿನ ಮೇಲೆ ಕಂಡುಕೊಂಡಂತೆ, ತಿರುಗುವ ರೆಕ್ಕೆಯ ಬುಡದ ಭಾಗ ಅದೇ ಆಕಾರದ ನಿಂತ ರೆಕ್ಕೆಗಿಂತ ತಡವಾಗಿ ಸ್ಟಾಲ್ ಆಗುತ್ತದೆ ಮತ್ತು ಹೆಚ್ಚು ಲಿಫ್ಟ್ ಕೊಡುತ್ತದೆ. ಕಳಚಿದ ನಿಧಾನ ಗಾಳಿಯನ್ನು ಅಪಕೇಂದ್ರ ಬಲ ತುದಿಯ ಕಡೆಗೆ ದೂಡುತ್ತದೆ, ಹಾಗೆ ಹೊರಕ್ಕೆ ಸಾಗುವ ಗಾಳಿಯನ್ನು ಕೊರಿಯೊಲಿಸ್ ಬಲ ಹಿಂದಂಚಿನತ್ತ ತಳ್ಳುತ್ತದೆ. ಕ್ಯೂಬ್ಲೇಡ್‌ನಂತಹ ಹಗುರ ತಂತ್ರಾಂಶಗಳು ಎರಡು ಆಯಾಮದ ಅಂಕಿಗಳಿಗೆ ತಿದ್ದುಪಡಿ ಸೂತ್ರ ಹಚ್ಚಿ ಇದನ್ನು ಅಂದಾಜಿಸುತ್ತವೆ, ಉತ್ತರ ನಿಮಿಷದೊಳಗೆ ಬರುತ್ತದೆ. ಓಪನ್‌ಫೋಮ್‌ನಲ್ಲಿ ಎಂಆರ್‌ಎಫ್ ವಿಧಾನದಿಂದ ರೆಕ್ಕೆಯ ಸುತ್ತಲಿನ ಗಾಳಿಯನ್ನು ತಿರುಗುವ ಚೌಕಟ್ಟಿನಲ್ಲಿಟ್ಟು ಲೆಕ್ಕ ಹಾಕಿದರೆ ಆ ಬಲಗಳು ತಾವಾಗಿಯೇ ಬರುತ್ತವೆ. ಎನ್‌ಆರ್‌ಇಎಲ್ ಯಂತ್ರದ ಒಂದು ರೆಕ್ಕೆಯನ್ನು ಸುಮಾರು 60 ಲಕ್ಷ ಕೋಶಗಳಲ್ಲಿ ಕಟ್ಟಿ ನೋಡಿದೆವು. ಸೆಕೆಂಡಿಗೆ 7 ಮೀಟರ್ ಗಾಳಿಯಲ್ಲಿ ತಿರುಚುಬಲ ಅಳತೆಗೆ ಚೆನ್ನಾಗಿ ಹೊಂದಿತು. 10 ಮೀಟರಿನಲ್ಲಿ, ಸ್ಟಾಲ್ ಈಗಷ್ಟೇ ಶುರುವಾಗಿ ರೆಕ್ಕೆಯ ಉದ್ದಕ್ಕೂ ಹರಡುವ ಆ ಹೊತ್ತಿನಲ್ಲಿ, ಲೆಕ್ಕ ಮುಗ್ಗರಿಸಿತು. ದೊಡ್ಡ ಪ್ರಯೋಗಾಲಯಗಳವರಿಗೂ ಕಷ್ಟ ಕೊಟ್ಟಿರುವುದು ಇದೇ 10 ಮೀಟರ್.

ಗಾಳಿಯ ಹೊಡೆತಕ್ಕೆ ಕೋನ ಸರಕ್ಕನೆ ಏರಿ ಇಳಿಯುವಾಗ ಬರುವ ಚಲನಶೀಲ ಸ್ಟಾಲ್‌ನಲ್ಲಿ ಲಿಫ್ಟ್ ಮೊದಲು ನಿಶ್ಚಲ ಸ್ಥಿತಿಯ ಮಿತಿಯನ್ನೂ ಮೀರಿ, ಮೂಗಿನಲ್ಲಿ ಹುಟ್ಟಿದ ಸುಳಿ ಕಳಚಿಹೋದ ಕೂಡಲೇ ದಿಢೀರನೆ ಬೀಳುತ್ತದೆ. ಅದನ್ನು ಇಡೀ ಗಾಳಿಯಂತ್ರ ಕೇಂದ್ರದ ಮಟ್ಟದಲ್ಲಿ ನೋಡುವವರಿಗೆ ಟರ್ಬೈನ್ಸ್‌ಫೋಮ್ ಎಂಬ ಸೇರ್ಪಡೆ ಇದೆ. ಹೆಲಿಕಾಪ್ಟರಿಗಾಗಿ ಹುಟ್ಟಿದ ಲೀಶ್‌ಮನ್-ಬೆಡೋಸ್ ಸೂತ್ರವನ್ನು ಅದರೊಳಗೆ ಅಳವಡಿಸಿದ್ದಾರೆ. ನಾನು ಅದನ್ನು ಸ್ವಲ್ಪವೇ ಬಳಸಿದ್ದರಿಂದ ಹೆಚ್ಚು ಹೇಳುವುದಿಲ್ಲ.

ನಮ್ಮ ನೆಲಕ್ಕೆ ಅತ್ಯಂತ ಹತ್ತಿರವಾದ ಪ್ರಶ್ನೆ ಧೂಳಿನದು, ಓಪನ್‌ಫೋಮ್ ನನ್ನನ್ನು ಹೆಚ್ಚು ನಿರಾಶೆಗೊಳಿಸಿದ್ದೂ ಅಲ್ಲಿಯೇ. ಕಳೆದ ವರ್ಷ ಊರಿಗೆ ಹೋದಾಗ ದುರಸ್ತಿಗೆಂದು ಇಳಿಸಿದ್ದ ರೆಕ್ಕೆಯೊಂದು ರಸ್ತೆ ಬದಿಯ ಮರದ ದಿಮ್ಮಿಗಳ ಮೇಲೆ ಮಲಗಿತ್ತು. ಅದರ ಮುಂದಂಚಿನ ಮೇಲೆ ಹೆಬ್ಬೆರಳು ಸವರಿದೆ. ಬುಡದ ಕಡೆ ಗಾಜಿನಂತೆ ನುಣುಪು, ತುದಿಯ ಕಡೆಗೆ ಸರಿದಂತೆ ಉಪ್ಪುಕಾಗದದಷ್ಟು ಒರಟು, ನಡುನಡುವೆ ಹುಳುಗಳ ಒಣಗಿದ ಕಲೆಗಳು. ಅಲ್ಲಿದ್ದ ತಂತ್ರಜ್ಞ ಹೇಳಿದ ಮಾತು ಹೀಗಿತ್ತು: ‘ಸರ, ದೊಡ್ಡ ಮಳಿ ಬಂದು ರೆಕ್ಕಿ ತೊಳದ ಮ್ಯಾಲ ಅದೇ ಗಾಳಿಗೆ ಕರೆಂಟ್ ಜಾಸ್ತಿ ಬರ್ತೈತ್ರಿ.’ ಆತ ಅನುಭವದಿಂದ ಹೇಳಿದ್ದು ವಿಜ್ಞಾನಕ್ಕೆ ಹೊಸದಲ್ಲ. ಕಡಿಮೆ ಗಾಳಿಯಲ್ಲಿ ರೆಕ್ಕೆಗೆ ಅಂಟಿದ ಹುಳುಗಳು ಜೋರು ಗಾಳಿಯಲ್ಲಿ ಸ್ಟಾಲನ್ನು ಬೇಗ ತಂದು ಯಂತ್ರದ ಶಕ್ತಿಯನ್ನು ಅರ್ಧಕ್ಕಿಳಿಸಬಲ್ಲವು ಎಂದು ಕೊರ್ಟನ್ ಮತ್ತು ವೆಲ್ಡ್‌ಕಾಂಪ್ 2001ರಲ್ಲಿ ನೇಚರ್ ಪತ್ರಿಕೆಯಲ್ಲಿ ತೋರಿಸಿದ್ದರು. ಕೋನ ಬದಲಿಸಲಾಗದ ಹಳೆಯ ಯಂತ್ರಗಳು ಜೋರು ಗಾಳಿಯಲ್ಲಿ ತಮ್ಮ ಶಕ್ತಿಗೆ ಮಿತಿ ಹಾಕಿಕೊಳ್ಳುವುದೇ ಸ್ಟಾಲ್‌ನಿಂದ, ಆದ್ದರಿಂದ ಅವುಗಳಲ್ಲಿ ಇದು ತೀರ ಎದ್ದು ಕಾಣುತ್ತದೆ. ರೆಕ್ಕೆಯನ್ನು ತಿರುವಿ ಕೋನ ಹೊಂದಿಸಿಕೊಳ್ಳುವ ಇಂದಿನ ಯಂತ್ರಗಳಲ್ಲಿಯೂ ಒರಟುತನ ಲಿಫ್ಟನ್ನು ತಿನ್ನುತ್ತದೆ.

ಇದನ್ನು ಲೆಕ್ಕಕ್ಕೆ ತರಲು ಓಪನ್‌ಫೋಮ್‌ನಲ್ಲಿ ಒರಟು ಗೋಡೆಯ ವಾಲ್ ಫಂಕ್ಷನ್‌ಗಳಿವೆ. ಆದರೆ ಅವು ಕೆಲಸ ಮಾಡಬೇಕಾದರೆ ಮೊದಲ ಕೋಶ ಎತ್ತರವಿರಬೇಕು, ಕಡಿಮೆಯೆಂದರೆ ವೈ-ಪ್ಲಸ್ 30ರ ಮೇಲೆ. ಸ್ಟಾಲ್‌ಗಾಗಿ ನಾವು ಮೂರು ವಾರ ಕೂತು ಕಟ್ಟಿದ ಮೆಶ್ಶಿನಲ್ಲಿ ಅದು 1. ಒಂದನ್ನು ಉಳಿಸಿಕೊಂಡರೆ ಇನ್ನೊಂದು ಕೈಬಿಡುತ್ತದೆ. ಒರಟುತನವನ್ನೂ ಪರಿವರ್ತನೆಯನ್ನೂ ಒಟ್ಟಿಗೆ ಹಿಡಿಯುವ ಸಿದ್ಧ ಮಾದರಿ ನಾವು ಬಳಸುವ ವಿ2312 ಆವೃತ್ತಿಯೊಳಗೆ ನಮ್ಮ ಕೈಗೆ ಸಿಗಲಿಲ್ಲ. ಕೊನೆಗೆ ನಾವು ಮಾಡಿದ್ದು ಸರಳ ಉಪಾಯ: ನುಣುಪು ರೆಕ್ಕೆಗೆ ಪರಿವರ್ತನೆಯ ಮಾದರಿ, ಕೊಳೆಯಾದ ರೆಕ್ಕೆಗೆ ಮೂಗಿನಿಂದಲೇ ಪ್ರಕ್ಷುಬ್ಧವೆನ್ನುವ ಹಳೆಯ ಎಸ್‌ಎಸ್‌ಟಿ. ಎರಡರ ನಡುವಿನ ಅಂತರ ಧೂಳಿನ ಪರಿಣಾಮದ ಒಂದು ಪಾಲನ್ನಷ್ಟೇ ಹೇಳುತ್ತದೆ. ಒರಟು ಮೈ ಗಡಿಪದರವನ್ನು ದಪ್ಪಗೊಳಿಸಿ ಸ್ಟಾಲನ್ನು ಇನ್ನೂ ಮುಂಚೆ ತರುವ ಪಾಲು ಅದರಲ್ಲಿಲ್ಲ. ನೇರವಾಗಿ ಹೇಳಬೇಕೆಂದರೆ, ಆ ತಂತ್ರಜ್ಞ ಒಂದು ವಾಕ್ಯದಲ್ಲಿ ಹೇಳಿದ್ದನ್ನು ಈ ತಂತ್ರಾಂಶದಿಂದ ನಾನು ಇನ್ನೂ ಪೂರ್ತಿ ಲೆಕ್ಕಕ್ಕೆ ತಂದಿಲ್ಲ.

ಸಣ್ಣಪುಟ್ಟ ದೂರುಗಳೂ ಇವೆ. ಓಪನ್‌ಫೋಮ್ ಎಂಬ ಒಂದೇ ಹೆಸರಿನಲ್ಲಿ ಎರಡು ಸಂಸ್ಥೆಗಳು ಎರಡು ಬಗೆಯ ಆವೃತ್ತಿಗಳನ್ನು ಬಿಡುತ್ತವೆ. ಒಂದರಲ್ಲಿ ಟರ್ಬುಲೆನ್ಸ್ ಕಡತಕ್ಕೆ ಇರುವ ಹೆಸರು ಇನ್ನೊಂದರಲ್ಲಿಲ್ಲ, ಹೊಸಬರು ಇಲ್ಲಿಯೇ ದಿನಗಟ್ಟಲೆ ಕಳೆಯುತ್ತಾರೆ. ಅರ್ಧವಿರಾಮವೊಂದು ತಪ್ಪಿದರೆ ಬರುವ ದೋಷದ ಸಂದೇಶ ಪುಟ ತುಂಬುತ್ತದೆ. ಕನ್ನಡದಲ್ಲಿ ಕೈಪಿಡಿ ಇಲ್ಲ. ದೊಡ್ಡ ಊರಿನ ತರಬೇತಿ ಕೇಂದ್ರವೊಂದಕ್ಕೆ ನನ್ನ ಇಬ್ಬರು ವಿದ್ಯಾರ್ಥಿಗಳು ಹಣ ಕಟ್ಟಿ ಹೋಗಿ ಬಂದರು; ಅಲ್ಲಿ ಕಡತಗಳನ್ನು ನಕಲು ಮಾಡಿ ಚಿತ್ರ ತೆಗೆಯುವುದನ್ನು ಕಲಿಸಿದರು, ಅಳತೆಯೊಂದಿಗೆ ಹೋಲಿಸುವ ಮಾತೇ ಬರಲಿಲ್ಲ. ಆ ಹಣಕ್ಕೆ ಒಂದು ಒಳ್ಳೆಯ ಯುಪಿಎಸ್ ಬರುತ್ತಿತ್ತು.

ಯಾರು ಬಳಸಬೇಕು ಎಂದು ಕೇಳಿದರೆ ನನ್ನ ಅಭಿಪ್ರಾಯ ಇಷ್ಟು. ಆರು ವಾರದಲ್ಲಿ ಪ್ರಾಜೆಕ್ಟ್ ಮುಗಿಸಬೇಕಾದವರು ಕ್ಯೂಬ್ಲೇಡ್ ಹಿಡಿಯಲಿ, ಅದರೊಳಗಿನ ಎಕ್ಸ್‌ಫಾಯಿಲ್ ಸ್ಟಾಲ್‌ನವರೆಗೆ ಚೆನ್ನಾಗಿಯೇ ನಡೆಸಿಕೊಡುತ್ತದೆ. ಒಂದು ವರ್ಷ ಕೈಯಲ್ಲಿದ್ದು, ತಪ್ಪು ಎಲ್ಲಿ ಹುಟ್ಟುತ್ತದೆ ಎಂದು ಹುಡುಕುವ ಹಟವಿದ್ದವರಿಗೆ ಓಪನ್‌ಫೋಮ್‌ಗಿಂತ ಒಳ್ಳೆಯದನ್ನು ನಾನು ಕಂಡಿಲ್ಲ. ಸಾಧಾರಣ ಎಂಟು ಕೋರಿನ ಯಂತ್ರ, 32 ಜಿಬಿ ನೆನಪುಕೋಶ, ಎಸ್809ರ ಅಳತೆಯ ಅಂಕಿಗಳ ಒಂದು ಹಾಳೆ, ಇಷ್ಟಿದ್ದರೆ ಎರಡು ಆಯಾಮದ ಕೆಲಸ ಶುರುಮಾಡಬಹುದು. ಆ ಹಾಳೆಯನ್ನು ನಾವು ಪರದೆಯ ಪಕ್ಕದ ಗೋಡೆಗೆ ಅಂಟಿಸಿದ್ದೇವೆ. ಪ್ಯಾರಾವ್ಯೂನಲ್ಲಿ ಚಿತ್ರ ತೆರೆಯುವ ಮೊದಲು ವಿದ್ಯಾರ್ಥಿಗಳು ಲಿಫ್ಟಿನ ಅಂಕಿಯನ್ನು ಪೆನ್ಸಿಲಿನಿಂದ ಅದರ ಮೇಲೆ ಗುರುತಿಸಬೇಕು ಎಂಬುದು ನಮ್ಮ ಪ್ರಯೋಗಾಲಯದ ನಿಯಮ.